ಹಾಡು ಕಟ್ಟಲು ಯಾರ ಅಪ್ಪಣೆ ಬೇಕು?

ನಮ್ಮ ಬಳಗದ ಒಬ್ಬರು ಸವಣೂರಿನ ದರ್ಜಿ. ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ, ರಾತ್ರಿ ಪೇಟಿಯ ಮುಂದೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಶಾಸ್ತ್ರೀಯ ಸಂಗೀತ ಸ್ಪರ್ಧೆ ನಡೆಯಿತು. ಇವರು ಹೋಗಿ ಭೀಮಪಲಾಸ ರಾಗದಲ್ಲಿ ಒಂದು ಕನ್ನಡ ಚೀಜು ಹಾಡಿದರು. ಹಾಡು ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು, ‘ಇದು ಯಾರ ಬಂದಿಶ್?’ ಎಂದು ಕೇಳಿದರು. ‘ನಂದ ಐತ್ರಿ ಸರ’ ಎಂದರು ಇವರು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ‘ಇದ್ದದ್ದನ್ನ ಸರಿಯಾಗಿ ಹಾಡೋದು ಕಲೀರಿ. ಕಟ್ಟೋದು ದೊಡ್ಡವರ ಕೆಲಸ’ ಎಂಬ ಬುದ್ಧಿವಾದವೂ ಬಂತು. ಬುದ್ಧಿವಾದ ಕೇಳಿಸಿಕೊಂಡವರಿಗೆ ಆಗ ವಯಸ್ಸು 50 ದಾಟಿತ್ತು.

ರಾಗ ತಪ್ಪಿದೆ, ತಾಳ ಜಾರಿದೆ, ಸಾಹಿತ್ಯ ಸಪ್ಪೆಯಾಗಿದೆ ಎಂದಿದ್ದರೆ ನಾವು ಕೈಮುಗಿದು ಒಪ್ಪಿಕೊಳ್ಳುತ್ತಿದ್ದೆವು. ನಿಜ ಹೇಳಬೇಕೆಂದರೆ ಆ ಚೀಜಿನಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ತೀರ್ಪುಗಾರರು ಅದನ್ನು ಕೇಳಲಿಲ್ಲ. ಅವರು ಕೇಳಿದ್ದು ಹಾಡಿನ ಯಜಮಾನ ಯಾರು ಎಂದು. ಯಜಮಾನ ಒಬ್ಬ ದರ್ಜಿ ಎಂದು ತಿಳಿದ ಮೇಲೆ ಹಾಡನ್ನು ಕೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ. ಆ ಪ್ರಶ್ನೆ ಯಾವುದೆಂದು ಮುಂದೆ ಹೇಳುತ್ತೇವೆ.

ನಾವು ಯಾವ ಸಂಘವೂ ಅಲ್ಲ. ನಮಗೆ ಹೆಸರಿಲ್ಲ, ರಸೀದಿ ಪುಸ್ತಕವಿಲ್ಲ, ಅಧ್ಯಕ್ಷರಿಲ್ಲ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಕೆಲವರು ಅಮಾವಾಸ್ಯೆಯ ರಾತ್ರಿ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಹಾನಗಲ್ಲಿನ ಒಬ್ಬ ಭತ್ತದ ರೈತ, ಹಿರೇಕೆರೂರಿನ ಪ್ರಾಥಮಿಕ ಶಾಲೆಯ ಮಾಸ್ತರು, ಶಿಗ್ಗಾವಿಯ ಬಸ್ ಕಂಡಕ್ಟರು, ಸವಣೂರಿನಲ್ಲಿ ಎಲೆ ತೋಟ ಮಾಡುವವರು, ಹೀಗೆ. ಕಳೆದ ತಿಂಗಳಿಂದ ಈ ತಿಂಗಳವರೆಗೆ ಕಟ್ಟಿದ್ದನ್ನು ಹಾಡಬೇಕು, ಉಳಿದವರು ಅದನ್ನು ಬಿಚ್ಚಿ ನೋಡಬೇಕು. ನಡುವೆ ಯಾರಿಗಾದರೂ ಹೊಸ ಅಂತರಾ ಹೊಳೆದರೆ ಮೊಬೈಲಿನಲ್ಲಿ ಹಾಡಿ ಕಳಿಸುತ್ತೇವೆ. ಕಂಡಕ್ಟರು ಡ್ಯೂಟಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೇಳಿ ‘ಸಮ್ ಎಡವತೈತಿ’ ಎಂದು ಉತ್ತರ ಕೊಡುತ್ತಾರೆ. ಇಷ್ಟೇ ನಮ್ಮ ಚಟುವಟಿಕೆ. ನಮ್ಮಲ್ಲಿ ಯಾರೂ ಕಛೇರಿ ಮಾಡುವ ಗವಾಯಿಗಳಲ್ಲ, ಆಗಬೇಕೆಂಬ ಆಸೆಯೂ ಇಲ್ಲ. ನಮ್ಮನ್ನು ಹವ್ಯಾಸಿಗಳು ಎನ್ನುತ್ತಾರೆ. ಅಡ್ಡಿಯಿಲ್ಲ. ಆದರೆ ಆ ಮಾತನ್ನು ಬೈಗುಳದಂತೆ ಆಡುವವರೊಂದಿಗೆ ನಮ್ಮ ಜಗಳವಿದೆ.

ಹವ್ಯಾಸಿ ಎಂದರೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದು ಪ್ರೀತಿಗೆ ಹಾಡು ಹಿಡಿದವನು ಎಂದಾದರೆ, ಈ ನಾಡಿನಲ್ಲಿ ಹಾಡು ಕಟ್ಟಿದವರ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಹವ್ಯಾಸಿಗಳೇ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ದಂಡಿನ ಕೆಲಸದಿಂದ ಬಂದವರು. ಅದೇ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದರು, ಉಳಿದಂತೆ ಬಡತನದಲ್ಲಿ ಬದುಕಿದರು. ಯಾವ ಆಸ್ಥಾನವೂ ಅವರಿಗೆ ಶಾಲು ಹೊದಿಸಲಿಲ್ಲ. ವಿಜಾಪುರದಲ್ಲಿ 1580ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಂ ಆದಿಲಶಾಹ ರಾಜ್ಯವಾಳುವ ಉದ್ಯೋಗದ ನಡುವೆ ‘ಕಿತಾಬ್-ಎ-ನೌರಸ್’ ರಚಿಸಿದ. ದಖನಿ ಭಾಷೆಯ 50ಕ್ಕೂ ಹೆಚ್ಚು ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಿದ ಆ ಪುಸ್ತಕದಲ್ಲಿ ಸರಸ್ವತಿಗೂ ಪ್ರವಾದಿಯವರಿಗೂ ಕಲಬುರ್ಗಿಯ ಗೇಸುದರಾಜರಿಗೂ ವಂದನೆಯಿದೆ. ಮೈಸೂರಿನ ಜಯಚಾಮರಾಜ ಒಡೆಯರು ಕೃತಿಗಳನ್ನು ರಚಿಸಿದ್ದೂ ಹೀಗೆಯೇ. ರಾಜನಾದರೆ ಹವ್ಯಾಸಿ ‘ವಾಗ್ಗೇಯಕಾರ’ನಾಗುತ್ತಾನೆ, ದರ್ಜಿಯಾದರೆ ನಗೆಪಾಟಲಾಗುತ್ತಾನೆ.

ಇನ್ನು ನಮಗೆ ಬುದ್ಧಿ ಹೇಳಿದ ಹಿರಿಯರು ದಿನವೂ ಬಿಚ್ಚಿ ನೋಡುವ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಸಂಪುಟಗಳನ್ನು ಮಾಡಿದವರು ಯಾರು? ವಿಷ್ಣು ನಾರಾಯಣ ಭಾತಖಂಡೆ ಎಂಬ ವಕೀಲರು. ಅವರು ಉಸ್ತಾದರ ಬಾಯಿಂದ ಚೀಜುಗಳನ್ನು ಕೇಳಿ ಸ್ವರಲಿಪಿಗೆ ಇಳಿಸಿದ್ದಲ್ಲದೆ, ರಾಗದ ಲಕ್ಷಣ ಹೇಳುವ ಗೀತೆಗಳನ್ನು ‘ಚತುರ’ ಎಂಬ ಮುದ್ರೆಯಲ್ಲಿ ತಾವೇ ಕಟ್ಟಿದರು. ಅವರಿಗೆ ಉಸ್ತಾದರ ಮೇಲೆ ಪೂರ್ವಗ್ರಹಗಳೂ ಇದ್ದವು, ಅದು ಬೇರೆ ಮಾತು. ಇಂದು ದೇಶದ ಮೂಲೆ ಮೂಲೆಯಲ್ಲಿ ಖಯಾಲು ಕಲಿಯುವ ಮಕ್ಕಳು ಒಬ್ಬ ಹವ್ಯಾಸಿಯ ನೋಟುಬುಕ್ಕಿನಿಂದ ಕಲಿಯುತ್ತಿದ್ದಾರೆ ಎಂಬುದನ್ನಾದರೂ ಮರೆಯಬಾರದು.

‘ಪರಂಪರೆ’ ಎಂಬ ಮಾತು ನಮ್ಮ ಸೀಮೆಯಲ್ಲಿ ಬಹಳ ಬಳಕೆಯಲ್ಲಿದೆ. ಪರಂಪರೆಯ ಬಂದಿಶ್ ಹಾಡಿ, ಪರಂಪರೆ ಕೆಡಿಸಬೇಡಿ ಎನ್ನುತ್ತಾರೆ. ಈ ಪರಂಪರೆ ಇಲ್ಲಿ ಎಷ್ಟು ಹಳೆಯದು? ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಕಲಿಕೆಗೆ ಅಡ್ಡಿಯಾಗಬಾರದೆಂದು ಆ ತಾಯಿ ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು. ಎಂದರೆ ಒಂದು ತಲೆಮಾರಿನಲ್ಲಿ, ಒಂದು ಮನೆಯೊಳಗೆ ಸಂಗೀತ ಬದಲಾಯಿತು. ಉತ್ತರದ ಕೈರಾನಾದಿಂದ ಬಂದ ಅಬ್ದುಲ್ ಕರೀಂ ಖಾನರು ಈ ಕಡೆ ಓಡಾಡಿ ಕುಂದಗೋಳದ ರಾಮಭಾವು ಅವರಿಗೆ ಕಲಿಸಿದರು, ಅವರು ಸವಾಯಿ ಗಂಧರ್ವರಾದರು, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗಂಗೂಬಾಯಿ ಕಲಿತರು. ಕರೀಂ ಖಾನರೋ, ತ್ಯಾಗರಾಜರ ಕೃತಿಗಳನ್ನೂ ಹಾಡಿ ಗ್ರಾಮಾಫೋನ್ ತಟ್ಟೆ ಮಾಡಿಸಿದವರು. ಹೀಗೆ ಒಬ್ಬರಿಂದೊಬ್ಬರು ಕೊಡುಕೊಳೆ ಮಾಡಿ ಹೊಸದು ಹುಟ್ಟಿಸಿದವರ ಹೆಸರು ಹೇಳಿಕೊಂಡೇ ಹೊಸದನ್ನು ಬೇಡವೆನ್ನುವುದು ವಿಚಿತ್ರವಾಗಿದೆ.

ಚೀಜುಗಳ ಒಳಗೇ ಕಟ್ಟಿದವರ ಹೆಸರುಗಳು ಕೂತಿವೆ. ದಿಲ್ಲಿಯಲ್ಲಿ 1719ರಿಂದ 1748ರವರೆಗೆ ಬಾದಶಹನಾಗಿದ್ದ ಮುಹಮ್ಮದ್ ಶಾಹನ ದರಬಾರಿನ ನಿಯಾಮತ್ ಖಾನ್ ‘ಸದಾರಂಗ’, ಫಿರೋಜ್ ಖಾನ್ ‘ಅದಾರಂಗ’. ಆಗ್ರಾ ಘರಾಣೆಯ ಫೈಯಾಜ್ ಖಾನ್ ‘ಪ್ರೇಮಪಿಯಾ’. ಬಡೇ ಗುಲಾಂ ಅಲಿ ಖಾನ್ ‘ಸಬರಂಗ’. ಕೃಷ್ಣನ ಮೇಲೆ, ಹೋಳಿಯ ಮೇಲೆ, ಮಳೆಯ ಮೇಲೆ ಇವರು ಕಟ್ಟಿದ ಚೀಜುಗಳನ್ನು ಹಾಡುತ್ತಲೇ ಮುಸ್ಲಿಮರಿಂದ ನಮ್ಮ ಸಂಗೀತ ಕೆಟ್ಟಿತೆಂದು ಭಾಷಣ ಮಾಡುವವರು ಇದ್ದಾರೆ. 1950ರ ದಶಕದಲ್ಲಿ ಆಕಾಶವಾಣಿಯ ಹೊಣೆ ಹೊತ್ತಿದ್ದ ಮಂತ್ರಿ ಬಿ.ವಿ. ಕೇಸಕರ್ ಅವರೇ ಅಂಥ ವಾದ ಬರೆದವರು. ಆ ಮಾತು ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಲು ತಡವಾಯಿತು, ಆದರೆ ಮುಟ್ಟಿದೆ.

ನಾವು ಕಟ್ಟುವುದು ಎಲ್ಲಿಂದ ಬಂತು ಎಂದು ಹೇಳದೆ ಈ ಜಗಳ ಅರ್ಥವಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮೊದಲ ಪಾಠ ಆದದ್ದು ಭಜನೆಯ ಮನೆಯಲ್ಲಿ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಪೇಟಿ. ಒಬ್ಬರು ತತ್ವಪದದ ಒಂದು ನುಡಿ ಹಾಡಿ ನಿಲ್ಲಿಸುತ್ತಿದ್ದರು. ಇನ್ನೊಬ್ಬರು ‘ಇದರ ಅರ್ಥ ಬಿಡಸ್ರಿ’ ಎನ್ನುತ್ತಿದ್ದರು. ಅರ್ಥ ಬಿಡಿಸಿದ ಮೇಲೆ ಅದಕ್ಕೆ ಉತ್ತರವಾಗಿ ಇನ್ನೊಂದು ಪದ. ಬೆಳಗಾಗುವ ಹೊತ್ತಿಗೆ ಯಾರೋ ಒಬ್ಬರು ತಾವೇ ಕಟ್ಟಿದ ಪದ ಹಾಡುತ್ತಿದ್ದರು, ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು. ಮೊಹರಂ ಬಂತೆಂದರೆ ರಿವಾಯತ್ ಮೇಳಗಳು. ಒಂದು ಊರಿನ ಮೇಳ ಪದದಲ್ಲೇ ಸವಾಲು ಹಾಕಿದರೆ ಇನ್ನೊಂದು ಊರಿನವರು ಪದದಲ್ಲೇ ಜವಾಬು ಕೊಡಬೇಕು. ಗೀಗೀ ಮೇಳಗಳಲ್ಲಿ ಕಲ್ಗಿಯವರಿಗೂ ತುರಾದವರಿಗೂ ನಡೆಯುತ್ತಿದ್ದುದೂ ಇದೇ. ಜಾತ್ರೆಯ ನಾಟಕಕ್ಕೆ ಬರುತ್ತಿದ್ದ ಪೇಟಿ ಮಾಸ್ತರು ಒಂದು ತಿಂಗಳಲ್ಲಿ ಇಡೀ ನಾಟಕದ ಹಾಡುಗಳಿಗೆ ಮಟ್ಟು ಕೂಡಿಸುತ್ತಿದ್ದರು, ಯಮನ್, ಭೈರವಿ, ಪೀಲೂ, ಕಾಫಿ ಎಲ್ಲವೂ ಅವರ ಬೆರಳ ತುದಿಯಲ್ಲಿ. ಕಟ್ಟುವುದು, ಹಂಚುವುದು, ಬಿಚ್ಚಿ ನೋಡುವುದು ಈ ಮೂರೂ ನಮ್ಮ ಹಳ್ಳಿಗಳಲ್ಲಿ ಒಂದೇ ರಾತ್ರಿಯ ಕೆಲಸವಾಗಿತ್ತು.

ಈಗ ಅದನ್ನೆಲ್ಲ ‘ಜಾನಪದ’ ಎಂಬ ಪೆಟ್ಟಿಗೆಗೆ ತುಂಬಿ ಬೀಗ ಹಾಕಿದ್ದಾರೆ. ಹಾನಗಲ್ಲ ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲಿದೆ. ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನಮ್ಮ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿದೆ. ಎರಡೂ ಇರಲಿ, ಬೆಳೆಯಲಿ. ಆದರೆ ರಾಗದ ವಿಚಾರ ಅಲ್ಲಿಗೆ, ಹಳ್ಳಿಯ ಹಾಡು ಇಲ್ಲಿಗೆ ಎಂಬ ಹಂಚಿಕೆ ನಮ್ಮ ತಲೆಯೊಳಗೆ ಕೂತುಬಿಟ್ಟಿದೆ. ರಾಗ ಬಲ್ಲವನು ತತ್ವಪದದ ಮಟ್ಟು ಕೇಳಿದರೆ ‘ಚೆನ್ನಾಗಿದೆ, ಜಾನಪದ’ ಎಂದು ಎದ್ದು ಹೋಗುತ್ತಾನೆ. ಜಾನಪದ ಸಂಗ್ರಹಿಸುವವನು ಪದದ ಸಾಹಿತ್ಯ ಬರೆದುಕೊಂಡು ಮಟ್ಟನ್ನು ಅಲ್ಲೇ ಬಿಟ್ಟು ಹೋಗುತ್ತಾನೆ. ತತ್ವಪದಗಳ ದಪ್ಪ ದಪ್ಪ ಸಂಪುಟಗಳು ಈಚೆಗೆ ಬಂದಿವೆ, ಅವನ್ನು ತಂದವರ ಶ್ರಮಕ್ಕೆ ನಮ್ಮ ಗೌರವವಿದೆ. ಹೆಚ್ಚಿನವುಗಳಲ್ಲಿ ಮಾತಿದೆ, ಸ್ವರವಿಲ್ಲ. ಕನಕದಾಸರ ಕೀರ್ತನೆಗಳಿಗೆ ಆದದ್ದೂ ಅದೇ. ರಾಗದ ಹೆಸರು ಬರೆದಿಟ್ಟರು, ಅವರು ಹಾಡಿದ ಬಗೆ ಗಾಳಿಯಲ್ಲಿ ಹೋಯಿತು.

ಹಳ್ಳಿಯ ಧಾಟಿಯಿಂದ ರಾಗ ಹುಟ್ಟುವುದಿಲ್ಲ ಎನ್ನುವವರು ಕುಮಾರ ಗಂಧರ್ವರನ್ನು ನೆನಪಿಸಿಕೊಳ್ಳಲಿ. 1924ರಲ್ಲಿ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಆ ಕನ್ನಡಿಗರು ಕಾಯಿಲೆಯಿಂದ ಮಾಳವಕ್ಕೆ ಹೋಗಿ ಹಾಸಿಗೆ ಹಿಡಿದಾಗ ಅಲ್ಲಿನ ಹೆಣ್ಣುಮಕ್ಕಳ, ಭಿಕ್ಷುಕರ ಹಾಡುಗಳನ್ನು ಕೇಳಿದರು. ಆ ಧುನ್‌ಗಳಿಂದ ಹೊಸ ರಾಗಗಳನ್ನು ಎತ್ತಿದರು, ತಾವೇ ಬಂದಿಶ್‌ಗಳನ್ನು ಕಟ್ಟಿ ‘ಅನೂಪರಾಗವಿಲಾಸ’ವಾಗಿ ಅಚ್ಚು ಹಾಕಿಸಿದರು. ಮಾಳವದ ಧುನ್ ರಾಗವಾಗಬಹುದಾದರೆ ಶಿಗ್ಗಾವಿಯ ಮಟ್ಟು ಏಕೆ ಆಗಬಾರದು? ಯಾರೂ ಕೇಳಿಲ್ಲ, ಅಷ್ಟೇ.

ಇಲ್ಲಿ ಆ ದರ್ಜಿ ಮಿತ್ರರ ಚೀಜಿಗೆ ಬರಬೇಕು. ಭೀಮಪಲಾಸದ ಆರೋಹದಲ್ಲಿ ರಿಷಭವೂ ಇಲ್ಲ, ಧೈವತವೂ ಇಲ್ಲ. ನಿಷಾದದಿಂದ ಎದ್ದು ಸ, ಕೋಮಲ ಗ, ಮ, ಪ, ಕೋಮಲ ನಿ, ಸ ಎಂದು ಏರಬೇಕು. ಇಳಿಯುವಾಗ ಮಾತ್ರ ಧ, ರಿ ಬರುತ್ತವೆ. ಇವರ ಅಂತರಾದಲ್ಲಿ ಏರುವಾಗ ಒಂದು ಕಡೆ ಧೈವತ ತಾಗುತ್ತದೆ. ಹಿರೇಕೆರೂರಿನ ಮಾಸ್ತರು ಕೇಳಿದ ಕೂಡಲೇ ‘ಇಲ್ಲಿ ಬಾಗೇಶ್ರೀ ನೆರಳು ಬಿತ್ತು, ತೆಗೀರಿ’ ಎಂದರು. ದರ್ಜಿಯವರು ತಗ್ಗಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಶಿಗ್ಗಾವಿ ಕಡೆಯ ಅಜ್ಜಾರೊಬ್ಬರು, ತಾವು ಚಿಕ್ಕಂದಿನಿಂದ ಹಾಡುತ್ತ ಬಂದ ಒಂದು ಪದದ ಮಟ್ಟು ಎತ್ತಿದರು. ಅದೇ ಏರಿಕೆ, ಅದೇ ಧೈವತ. ದರ್ಜಿಯವರಿಗೆ ಅದು ಎಲ್ಲಿಂದ ಬಂತೆಂದು ಅವರಿಗೇ ಗೊತ್ತಿರಲಿಲ್ಲ, ಭಜನೆಯಲ್ಲಿ ಕಿವಿಗೆ ಬಿದ್ದದ್ದು ಅಂತರಾದಲ್ಲಿ ಎದ್ದು ಬಂದಿತ್ತು. ಈಗ ಹೇಳಿ, ಅದು ತಪ್ಪೋ, ಕಾಫಿ ಥಾಟಿನ ಒಂದು ಹಳೆಯ ಚಲನೆಯ ಗುರುತೋ? ಮಾಸ್ತರು ಇಂದಿಗೂ ತಪ್ಪು ಎನ್ನುತ್ತಾರೆ. ಎರಡು ವರ್ಷವಾಯಿತು, ಜಗಳ ಮುಗಿದಿಲ್ಲ. ತೀರ್ಪುಗಾರರು ಕೇಳಬೇಕಾಗಿದ್ದ ಪ್ರಶ್ನೆ ಇದು. ಕೇಳಿದ್ದರೆ ಆ ದಿನ ಆ ವೇದಿಕೆಯ ಮೇಲೆ ಸಂಗೀತದ ಮಾತು ನಡೆಯುತ್ತಿತ್ತು.

ಇನ್ನೊಂದು ಆಕ್ಷೇಪವನ್ನು ನಾವು ಗಂಭೀರವಾಗಿಯೇ ತೆಗೆದುಕೊಂಡಿದ್ದೇವೆ. ಕನ್ನಡ ಖಯಾಲಿಗೆ ಒಗ್ಗುವುದಿಲ್ಲ, ಬ್ರಜ ಭಾಷೆಯ ಮೆದುತನ ಅದಕ್ಕಿಲ್ಲ ಎಂಬ ಮಾತು. ಇದರಲ್ಲಿ ಅರ್ಧ ನಿಜವಿದೆ. ಹಳ್ಳ, ಬೆಟ್ಟ, ಕತ್ತಲು ಎಂಬಂಥ ಒತ್ತಕ್ಷರದ ಪದಗಳು ಮೀಂಡನ್ನು ತುಂಡು ಮಾಡುತ್ತವೆ. ವಿಲಂಬಿತದಲ್ಲಿ ಅವನ್ನು ಇಟ್ಟರೆ ಗಂಟಲಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ಗ್ರಂಥದ ಕನ್ನಡದಲ್ಲಿ ಪದಗಳು ಉ, ಇ, ಎ ಎಂದು ಮುಗಿಯುವುದರಿಂದ ಆಕಾರಕ್ಕೆ ದಾರಿ ಸಿಗುವುದಿಲ್ಲ. ಇದನ್ನು ನಾವು ಕಟ್ಟಿ, ಕೆಡಿಸಿ, ಕಲಿತೆವು. ಆದರೆ ನಮ್ಮ ಮನೆಯ ಮಾತು ಗ್ರಂಥದ ಕನ್ನಡವಲ್ಲವಲ್ಲ. ‘ಬರುತ್ತಾನೆ’ ಎಂಬುದು ನಮ್ಮಲ್ಲಿ ‘ಬರತಾನ’, ‘ಮೇಲೆ’ ಎಂಬುದು ‘ಮ್ಯಾಲ’, ‘ಒಳಗೆ’ ಎಂಬುದು ‘ಒಳಗ’. ಬಾಯಿ ತಾನಾಗಿ ತೆರೆದುಕೊಂಡೇ ಮುಗಿಯುತ್ತದೆ, ಅಲ್ಲಿಂದ ಆಲಾಪಕ್ಕೆ ಹೊರಳುವುದು ಸುಲಭ. ಮತ್ತೆ ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ತೀನತಾಲದ 16 ಮಾತ್ರೆಗಳಲ್ಲಿ ಮುಖಡಾವನ್ನು ಒಂಬತ್ತನೆಯ ಮಾತ್ರೆಯ ಖಾಲಿಯಿಂದ ಎತ್ತಿ, ಕ್ರಿಯಾಪದ ಸರಿಯಾಗಿ ಸಮ್ ಮೇಲೆ ಬೀಳುವಂತೆ ಕೂಡಿಸಿದರೆ ಅರ್ಥವೂ ತಾಳವೂ ಒಟ್ಟಿಗೆ ಮನೆ ಸೇರುತ್ತವೆ. ಒತ್ತಕ್ಷರದ ಪದಗಳನ್ನು ದ್ರುತಕ್ಕೆ ಇಟ್ಟುಕೊಂಡರೆ ತಬಲಾದ ಬೋಲಿನ ಜೊತೆ ಅವು ಕುಣಿಯುತ್ತವೆ. ಶರೀಫರು ತಮ್ಮ ಪದಗಳನ್ನು ಮನೆಯ ಮಾತಿನಲ್ಲಿ ಏಕೆ ಕಟ್ಟಿದರೆಂದು ಕೇಳಿದರೆ, ಜನರಿಗೆ ತಿಳಿಯಲೆಂದು ಎಂಬ ಉತ್ತರ ರೂಢಿಯಲ್ಲಿದೆ. ಕಿವಿಯ ಕಾರಣವೂ ಇತ್ತೆಂದು ನಮಗೆ ಅನ್ನಿಸುತ್ತದೆ.

ಪೇಟಿಯ ಕತೆಯನ್ನೂ ಇಲ್ಲೇ ಹೇಳಿಬಿಡಬೇಕು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರವಿತ್ತು. ಅದರಲ್ಲಿ ಮೀಂಡ್ ಬರುವುದಿಲ್ಲ, ಶ್ರುತಿಗಳು ಸಿಗುವುದಿಲ್ಲ ಎಂಬುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಹಳ್ಳಿಯ ಹವ್ಯಾಸಿಗೆ ಸಿಗುತ್ತಿದ್ದ ವಾದ್ಯ ಅದೊಂದೇ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಗಿ ನಮ್ಮ ಸೀಮೆಗೆ ದೊಡ್ಡ ಉಪಕಾರ ಮಾಡಿತು, ದೊಡ್ಡ ದೊಡ್ಡ ಗವಾಯಿಗಳನ್ನು ಕಟ್ಟೆಯ ಮೇಲೆ ಕೂತು ಕೇಳುವಂತಾಯಿತು. ಅದೇ ಹೊತ್ತಿಗೆ, ಕೇಳುವವರು ಬೇರೆ ಹಾಡುವವರು ಬೇರೆ ಎಂಬ ಗೋಡೆಯೂ ಎದ್ದಿತು.

ಶರೀಫರ ಹಾಡುಗಳಿಗೆ 1990ರಲ್ಲಿ ಬಂದ ನಾಗಾಭರಣರ ಚಿತ್ರದಿಂದ, ಸಿ. ಅಶ್ವತ್ಥರ ಕಂಠದಿಂದ ನಾಡಿನ ತುಂಬ ಪ್ರಸಿದ್ಧಿ ಬಂತು. ಅಶ್ವತ್ಥರ ಮೇಲೆ ನಮಗೆ ಪ್ರೀತಿಯಿದೆ. ಆದರೆ ಪರಿಣಾಮ ನೋಡಿ. ಶಿಶುವಿನಹಾಳದ ಆಚೀಚೆಯ ಭಜನೆಯವರು ಅಜ್ಜನ ಕಾಲದ ಮಟ್ಟಿನಲ್ಲಿ ಹಾಡಿದರೆ ಸಭಿಕರು ‘ಇದು ಹಿಂಗಲ್ಲ, ಕ್ಯಾಸೆಟ್ಟಿನ್ಯಾಗ ಬ್ಯಾರೆ ಐತಿ’ ಎಂದು ತಿದ್ದುತ್ತಾರೆ. ಅಶ್ವತ್ಥರು ಒಂದು ಹೊಸ ಮಟ್ಟು ಕಟ್ಟಿದರು. ಅವರಂತೆ ನಾವೂ ಹತ್ತು ಮಟ್ಟು ಕಟ್ಟಬಹುದೆಂದು ನಮ್ಮವರಿಗೆ ಹೊಳೆಯಬೇಕಿತ್ತು. ನಾವು ಅವರದನ್ನು ಮೂಲವೆಂದು ಹಿಡಿದು ನಮ್ಮದನ್ನು ಬಿಟ್ಟೆವು. ಇದಕ್ಕೆ ಯಾರನ್ನು ದೂರುವುದು?

ಈಗ ನಮ್ಮ ಮನೆಯೊಳಗಿನ ಮಾತು. ಈ ಪತ್ರಿಕೆಯಲ್ಲಿ ಅದನ್ನು ಆಡದೆ ಬಿಟ್ಟರೆ ಉಳಿದದ್ದೆಲ್ಲ ಬೂಟಾಟಿಕೆಯಾಗುತ್ತದೆ. ನಮ್ಮ ಬಳಗದ ಒಬ್ಬ ಹುಡುಗ ರಿವಾಯತ್ ಕಟ್ಟುವುದರಲ್ಲಿ ಜಾಣ. ಅವನ ಅಜ್ಜನೂ ಕಟ್ಟುತ್ತಿದ್ದ. ಮೂರು ವರ್ಷದಿಂದ ಅವನು ಬರುತ್ತಿಲ್ಲ. ಹಾಡು ಹರಾಮ್, ಅಲಾವಿಯ ಮುಂದೆ ಕುಣಿಯುವುದು ಶಿರ್ಕ್ ಎಂದು ಅವನಿಗೆ ಹೇಳಲಾಗಿದೆ. ಹೇಳಿದವರು ಕೆಟ್ಟವರಲ್ಲ, ಅವರ ನಂಬಿಕೆ ಪ್ರಾಮಾಣಿಕವಾದುದೇ ಇರಬಹುದು. ಆದರೆ ಈ ವಿಷಯದಲ್ಲಿ ಎಲ್ಲ ಉಲಮಾಗಳೂ ಒಂದೇ ಮಾತು ಹೇಳಿದ್ದಾರೆಂದು ಹುಡುಗನಿಗೆ ತಿಳಿಸಿದ್ದು ಮಾತ್ರ ಸರಿಯಲ್ಲ. ಇಮಾಮ್ ಗಜಾಲಿಯವರು ತಮ್ಮ ‘ಇಹ್ಯಾ’ದಲ್ಲಿ ಸಮಾ ಕುರಿತು ಒಂದು ಭಾಗವನ್ನೇ ಬರೆದು, ಯಾವ ಹಾಡು ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲುವುದಿಲ್ಲ ಎಂದು ವಿವರವಾಗಿ ಚರ್ಚಿಸಿದ್ದಾರೆ. 1422ರಲ್ಲಿ ಕಲಬುರ್ಗಿಯಲ್ಲಿ ತೀರಿಕೊಂಡ ಬಂದೇನವಾಜರು ಸಮಾ ಕೇಳುತ್ತಿದ್ದ ಚಿಶ್ತಿಗಳು. ಒಪ್ಪದಿರುವ ಹಕ್ಕು ಯಾರಿಗೂ ಇದೆ. ಹುಡುಗನಿಗೆ ಎರಡೂ ಪಕ್ಷ ತಿಳಿಸಿ, ಆಮೇಲೆ ಅವನ ಆತ್ಮಸಾಕ್ಷಿಗೆ ಬಿಡಬಹುದಿತ್ತು. ಅವನು ಬಿಟ್ಟದ್ದು ಕುಣಿತವನ್ನಷ್ಟೇ ಅಲ್ಲ, ಅಜ್ಜನ ವಹಿಯಲ್ಲಿದ್ದ ಮಟ್ಟುಗಳನ್ನು ಬಲ್ಲ ಕೊನೆಯ ಗಂಟಲು ಅವನದಾಗಿತ್ತು.

ಇನ್ನೊಂದು ಕಡೆಯಿಂದಲೂ ಬಾಗಿಲು ಮುಚ್ಚುತ್ತಿದೆ. ಹಿಂದೆ ಕರೆದು ಕೂರಿಸಿಕೊಂಡು ಪೇಟಿ ಬಾರಿಸಲು ಹೇಳುತ್ತಿದ್ದ ಒಂದು ಊರಿನ ಭಜನೆಯವರು ಈಗ ನಮ್ಮ ದರ್ಜಿ ಮಿತ್ರರಿಗೆ ಹೇಳಿ ಕಳಿಸುವುದಿಲ್ಲ. ‘ಹುಡುಗರು ಏನಾರ ಅಂತಾರ್ರೀ ಚಾಚಾ, ತಪ್ಪು ತಿಳೀಬ್ಯಾಡ್ರಿ’ ಎಂದು ಹಿರಿಯರೊಬ್ಬರು ತಾವಾಗಿಯೇ ಬಂದು ನೊಂದುಕೊಂಡು ಹೇಳಿದರು. ಅಲ್ಲಿ ಆ ರಾತ್ರಿಯೂ ಶರೀಫರ ಪದಗಳನ್ನೇ ಹಾಡಿದರಂತೆ. ಶರೀಫರ ಪದ ಬೇಕು, ಶರೀಫರ ಜನ ಬೇಡ. ಕಳಸದ ಗೋವಿಂದಭಟ್ಟರು ಇಮಾಮಸಾಹೇಬರ ಮಗನನ್ನು ಶಿಷ್ಯನಾಗಿ ಕರೆದುಕೊಂಡಾಗ ಆಕ್ಷೇಪಿಸಿದವರು ಎರಡೂ ಕಡೆ ಇದ್ದರೆಂದು ಕತೆ ಹೇಳುತ್ತೇವೆ. ಆ ಆಕ್ಷೇಪಿಸಿದವರ ಹೆಸರು ಇಂದು ಯಾರಿಗೂ ಗೊತ್ತಿಲ್ಲ.

ನಮ್ಮ ಬಳಗದಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಅದರಲ್ಲಿ ಹಾನಗಲ್ಲ ಕಡೆಯ ಒಬ್ಬ ತಂಗಿ ಒಮ್ಮೆಯೂ ಪಡಸಾಲೆಗೆ ಬಂದವಳಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು, ದನಿ ತಗ್ಗಿಸಿ ಮೊಬೈಲಿಗೆ ಹಾಡಿ ಕಳಿಸುತ್ತಾಳೆ. ‘ನನ್ನ ಹೆಸರು ಹೇಳಬ್ಯಾಡ್ರಿ ಅಣ್ಣಾ’ ಎಂಬುದು ಪ್ರತಿ ಸಲದ ಮಾತು. ಕಟ್ಟುವುದರಲ್ಲಿ ನಮ್ಮೆಲ್ಲರಿಗಿಂತ ಮೇಲೆ. ಮಾರವಾದಲ್ಲಿ ಷಡ್ಜವನ್ನು ಬಚ್ಚಿಟ್ಟು ಸಮ್ ತನಕ ಕಾಯಿಸುವ ಅವಳ ಒಂದು ಚೀಜು ಕೇಳಿ ಮಾಸ್ತರು ಅರ್ಧ ಗಂಟೆ ಮಾತಾಡಲಿಲ್ಲ. ಎಳೆತನದಲ್ಲಿ ಬೀದಿಯಲ್ಲಿ ನಡೆದು ಹೋಗುವಾಗ ಹಾಡುವವಳೆಂದು ಜನ ಚುಚ್ಚಿ ನುಡಿದದ್ದನ್ನು ಗಂಗೂಬಾಯಿಯವರು ಕೊನೆಗಾಲದವರೆಗೂ ಹೇಳುತ್ತಿದ್ದರು. 2009ರಲ್ಲಿ ಅವರು ತೀರಿಕೊಂಡಾಗ ಸರಕಾರಿ ಗೌರವ ಸಿಕ್ಕಿತು. ಅವರ ಹೆಸರಿನ ಊರಿನ ಸೀಮೆಯಲ್ಲಿ ಒಬ್ಬಳು ಇನ್ನೂ ತನ್ನ ಚೀಜಿಗೆ ಮುದ್ರೆ ಹಾಕಲು ಹೆದರುತ್ತಾಳೆ.

ನಮ್ಮ ತಪ್ಪುಗಳೂ ಇವೆ. ಕಳೆದ ವರ್ಷ ಒಂದಿಷ್ಟು ಹೊಸಬರು ಸೇರಿಕೊಂಡ ಮೇಲೆ ಯಾರು ಏನು ಕಳಿಸಿದರೂ ಕೈಮುಗಿದ ಚಿತ್ರ, ಹೂವಿನ ಚಿತ್ರ, ‘ಅದ್ಭುತ ಸರ್’. ಒಂದು ತಿಂಗಳಿಡೀ ಯಾರೂ ಯಾರಿಗೂ ತಪ್ಪು ತೋರಿಸಲಿಲ್ಲ. ಆ ತಿಂಗಳು ಕಟ್ಟಿದ ಚೀಜುಗಳಲ್ಲಿ ಒಂದೂ ಉಳಿದಿಲ್ಲ. ಸವಾಲು ಜವಾಬಿನ ಮೇಳಗಳಲ್ಲಿ ಎದುರಿನವನ ಪದದ ಹುಳುಕು ಹಿಡಿಯುವುದು ಅವಮಾನವಾಗಿರಲಿಲ್ಲ, ಬೆಳಗ್ಗೆ ಎದ್ದು ಅವನ ಮನೆಯಲ್ಲೇ ಚಹಾ ಕುಡಿಯುತ್ತಿದ್ದರು. ನಮಗೆ ಆ ಗಟ್ಟಿತನ ಕಡಿಮೆಯಾಗಿದೆ. ಹಾಗೆಯೇ ಕೆಲವರಿಗೆ ರಿಯಾಜು ಬೇಡ, ನೇರವಾಗಿ ಕಟ್ಟಬೇಕು. ಐದು ರಾಗ ನೆಟ್ಟಗೆ ಹಾಡಲು ಬಾರದವನು ಆರನೆಯ ರಾಗ ಸೃಷ್ಟಿಸಲು ಹೊರಟರೆ ನಗುವವರು ನಗಲಿ, ಅಲ್ಲಿ ನಾವೂ ನಗುತ್ತೇವೆ. ಕಲಿಯದೆ ಕಟ್ಟಿ ಎಂದು ನಾವು ಹೇಳುತ್ತಿಲ್ಲ. ಕಲಿಯುತ್ತ ಕಟ್ಟಿ, ಕಟ್ಟುತ್ತ ಕಲಿಯಿರಿ ಎನ್ನುತ್ತಿದ್ದೇವೆ. ಕವಿತೆ ಬರೆಯುವ ಹುಡುಗನಿಗೆ ಯಾರೂ ‘ಮೊದಲು ಇಪ್ಪತ್ತು ವರ್ಷ ಪಂಪನನ್ನು ಬಾಯಿಪಾಠ ಮಾಡು’ ಎನ್ನುವುದಿಲ್ಲ. ಪಂಪನನ್ನೂ ಓದು, ನಿನ್ನದನ್ನೂ ಬರೆ ಎನ್ನುತ್ತಾರೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಕಣ್ಣಿಲ್ಲದ ಹುಡುಗನೊಬ್ಬನನ್ನು ಹಾನಗಲ್ಲ ಕುಮಾರಸ್ವಾಮಿಗಳು ಗುರುತಿಸಿ ಸಂಗೀತ ಕಲಿಸದೆ ಹೋಗಿದ್ದರೆ ಪಂಚಾಕ್ಷರಿ ಗವಾಯಿಗಳು ಇರುತ್ತಿರಲಿಲ್ಲ, ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ಇರುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಹಾಡಿದ್ದಷ್ಟೇ ಅಲ್ಲ, ವಚನ ಬರೆದರು, ನಾಟಕ ಬರೆದರು, ಮಕ್ಕಳ ಕೈಯಲ್ಲಿ ಆಡಿಸಿದರು. ಆ ಆಶ್ರಮದಲ್ಲಿ ಕಲಿತು ಬಂದ ಮಾಸ್ತರುಗಳೇ ನಮ್ಮ ಊರುಗಳಲ್ಲಿ ಹಲವರಿಗೆ ಸರಿಗಮ ಹೇಳಿಕೊಟ್ಟವರು. ಕಲಿಸುವ ಮನೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕಟ್ಟಿದ್ದನ್ನು ಕೇಳುವ ಮನೆ ಇಲ್ಲ.

ನಾವು ಕೇಳುವುದು ದೊಡ್ಡದೇನಲ್ಲ. ಜಾತ್ರೆ, ಉರುಸು, ಉತ್ಸವ ಎಂದು ವರ್ಷಕ್ಕೆ ಎಷ್ಟೋ ರಾತ್ರಿಗಳ ಸಂಗೀತ ಏರ್ಪಡಿಸುವ ಸಮಿತಿಗಳು ಅದರಲ್ಲಿ ಅರ್ಧ ಗಂಟೆಯನ್ನು ನಾಲ್ಕು ತಾಲೂಕುಗಳಲ್ಲಿ ಆ ವರ್ಷ ಕಟ್ಟಿದ ಹೊಸ ಚೀಜುಗಳಿಗೆ ಕೊಡಲಿ. ಬಹುಮಾನ ಬೇಡ. ಹಾಡಿದ ಮೇಲೆ ಕೂತು ಮಾತಾಡುವ ಒಬ್ಬ ಬಲ್ಲವರು ಬೇಕು. ಸ್ಪರ್ಧೆ ಮಾಡುವವರು ‘ಪರಂಪರೆಯ ಬಂದಿಶ್ ಮಾತ್ರ’ ಎಂಬ ಸಾಲನ್ನು ನಿಯಮದಿಂದ ತೆಗೆಯಲಿ. ಪರೀಕ್ಷೆಗೆ ಕೂರುವ ಮಕ್ಕಳನ್ನು ಒಂದು ಸಲವಾದರೂ ‘ನಿನ್ನದೊಂದು ನಾಲ್ಕು ಸಾಲು ಕಟ್ಟಿ ತಾ’ ಎಂದು ಅವರ ಗುರುಗಳು ಕೇಳಲಿ. ಹಳೆಯ ಮಟ್ಟು ಬಲ್ಲ ಅಜ್ಜ ಅಜ್ಜಿಯರು ನಿಮ್ಮ ಊರಿನಲ್ಲಿದ್ದರೆ, ಪದ ಬರೆದುಕೊಳ್ಳುವುದರ ಜೊತೆಗೆ ಕಿಸೆಯಲ್ಲಿರುವ ಫೋನನ್ನು ಅವರ ಮುಂದೆ ಇಡಿ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯಲ್ಲಿ 40 ವರ್ಷ ಪದ ಕಟ್ಟಿದ ಹಿರಿಯರು ತೀರಿದ ಸುದ್ದಿ ಕೇಳಿ ನಾವು ಹದಿನೈದು ದಿನದ ಮೇಲೆ ಹೋದೆವು. ಅವರ ವಹಿಗಳು ರದ್ದಿಗೆ ಹೋಗಿದ್ದವು. ಮಗ ತಬ್ಬಿಬ್ಬಾಗಿ, ‘ಅದರಾಗ ಏನಿತ್ತರಿ?’ ಎಂದ. ಅವನಿಗೆ ಯಾರೂ ಹೇಳಿರಲಿಲ್ಲ.

ಈ ಅಮಾವಾಸ್ಯೆ ಶಿಗ್ಗಾವಿಯಲ್ಲಿ ಕಂಡಕ್ಟರ ಮನೆಯಲ್ಲಿ ಕೂಡುತ್ತೇವೆ. ದರ್ಜಿ ಮಿತ್ರರು ಅಂತರಾ ತಿದ್ದಿ ತರುವುದಾಗಿ ಹೇಳಿದ್ದಾರೆ. ಧೈವತವನ್ನು ಮಾತ್ರ ಬಿಡುವುದಿಲ್ಲವಂತೆ. ಮಾಸ್ತರು ಭಾತಖಂಡೆಯವರ ಪುಸ್ತಕ ಹಿಡಿದುಕೊಂಡೇ ಬರುತ್ತಾರಂತೆ.